ಗುರುತಿಲ್ಲದ್ದು ನಮ್ಮದು

"ನಾನು ಸಹಿ ಹಾಕಲ್ಲ," ಎಂದಳು ಮರಿ.

ಊಟದ ತಟ್ಟೆಗಳನ್ನು ಎತ್ತಿ, ಮೇಜನ್ನು ಎರಡು ಸಲ ಒರೆಸಿದ ಮೇಲೆ ವಕೀಲರು ಅದರ ಮೇಲೆ ಕಾಗದ ಹರಡಿದ್ದರು. ಅಜ್ಜಿ, ಅತ್ತೆ, ಅಪ್ಪ, ಅಣ್ಣ ಎಲ್ಲರ ಸಹಿಯೂ ಆಗಿತ್ತು. ಅಮ್ಮ ಆಗಲೇ ಒಳಗೆ ಚಹಾಕ್ಕೆ ನೀರಿಟ್ಟಿದ್ದಳು.

ತಾತನ ಕಾಲದಲ್ಲಿ ಅವನ ಅಣ್ಣತಮ್ಮಂದಿರು ಪಾಲಾಗುವಾಗ ಒಂದೇ ಮನೆಯ ನಡುಮನೆಗೆ ಇಟ್ಟಿಗೆ ಗೋಡೆ ಎಬ್ಬಿಸಿದ್ದರಂತೆ. ಗಡಿಯಾರ ಆ ಕಡೆ ಉಳಿದು, ಈ ಕಡೆಯವರು ಗಂಟೆ ಹೊಡೆಯುವುದನ್ನು ಗೋಡೆಗೆ ಕಿವಿಯಿಟ್ಟು ಕೇಳಬೇಕಾಯಿತಂತೆ. ಅದನ್ನು ಮರೆಯದ ತಾತ ತಾನು ಕಟ್ಟಿದ ಮೂರಂತಸ್ತಿನ ಮನೆಯನ್ನೂ ಅದರ ಕೆಳಗಿನ ಲಾಂಡ್ರಿಯನ್ನೂ ಕುಟುಂಬದ ಟ್ರಸ್ಟಿಗೆ ಸೇರಿಸಿಟ್ಟು ಸತ್ತ. ಕೊನೆಯ ಮೊಮ್ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಯಾರೂ ಪಾಲು ಕೇಳುವಂತಿಲ್ಲ. ಲಾಂಡ್ರಿ ಮುಚ್ಚುವಂತಿಲ್ಲ. ಅದನ್ನು ಮಗಳೇ, ಅಂದರೆ ಮರಿಯ ಅತ್ತೆಯೇ, ನಡೆಸಬೇಕು. ಅದಕ್ಕೆ ಮೊದಲು ಟ್ರಸ್ಟು ಮುಗಿಸಬೇಕೆಂದರೆ ಪಾಲುಳ್ಳ ಎಲ್ಲರೂ ಒಪ್ಪಬೇಕು. ಆ ಕೊನೆಯ ಮೊಮ್ಮಗು ಮರಿ. ಅವಳಿಗೆ ಹದಿನೆಂಟು ತುಂಬಿ ಸಹಿ ಹಾಕುವಂತಾಗಲಿ ಎಂದು ಮನೆಯವರು ವರ್ಷಗಟ್ಟಲೆ ಕಾದಿದ್ದರು. ಈಗ ಅವಳಿಗೆ ಹತ್ತೊಂಬತ್ತು. ಸಹಿ ಹಾಕಲ್ಲ ಎನ್ನುತ್ತಿದ್ದಳು.

ವಕೀಲರು ಪೆನ್ನಿಗೆ ಮುಚ್ಚಳ ಹಾಕಿ, ಕಾರಣ ಹೇಳಮ್ಮ ಎಂದರು.

"ಟ್ರಸ್ಟು ಮುಗಿದ್ರೆ ಲಾಂಡ್ರಿ ಮುಚ್ಚುತ್ತೆ. ನನಗೆ ಲಾಂಡ್ರಿ ಬೇಕು."

"ಲಾಂಡ್ರಿ ಅಂದ್ರೆ, ಅದರಿಂದ ಬರೋ ಹಣ?"

"ಹಣ ಅಲ್ಲ ಸರ್. ಲಾಂಡ್ರಿ. ನಡೆಸೋಕೆ."

ಅಣ್ಣ ನಕ್ಕ. ಅತ್ತೆ ಮೇಜಿನ ಮೇಲಿನ ತನ್ನ ಸಹಿಯನ್ನೇ ನೋಡುತ್ತ ಕೂತಳು. ಕೋರ್ಟಿಗೆ ಹೋಗಬಹುದು ಎಂದರು ವಕೀಲರು. ಆದರೆ ಯಾರಿಗಾಗಿ ಟ್ರಸ್ಟು ಇದೆಯೋ ಅವಳೇ ಬೇಡ ಎನ್ನುವಾಗ ನಡುವೆ ಮುರಿಯಲು ಯಾವ ನ್ಯಾಯಾಧೀಶರೂ ಸುಲಭಕ್ಕೆ ಒಪ್ಪುವುದಿಲ್ಲ. ಕೇಸು ಮುಗಿಯುವಷ್ಟರಲ್ಲಿ ಇವಳಿಗೆ ಇಪ್ಪತ್ತೈದು ತುಂಬಿ, ಮದುವೆಯಾಗಿ, ಮಗುವಿನ ಹೆಸರಿಡುವುದಕ್ಕೆ ನನ್ನನ್ನು ಕರೆದಿರುತ್ತೀರಿ. ಇಷ್ಟು ಹೇಳಿ ಚಹಾ ಕುಡಿದು ಹೊರಟರು.

ಆ ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಸೊಪ್ಪು, ಮಧ್ಯಾಹ್ನದ ಅನ್ನ. ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಅಣ್ಣ ಇನ್ನೊಬ್ಬರ ಸೆಲೂನಿನಲ್ಲಿ ಕೆಲಸ ಮಾಡುತ್ತಿದ್ದ. ಮೇಲಿನ ಅಂತಸ್ತಿನಲ್ಲಿ ತನ್ನ ಪಾಲಿನ ಎರಡು ಕೋಣೆ ಕೈಗೆ ಬಂದರೆ, ಅದರ ಮೇಲೆ ಸಾಲ ಎತ್ತಿ ಸ್ವಂತ ಅಂಗಡಿ ಇಡುವುದು ಅವನ ಆಸೆ. ಊರಿನ ಬಸ್ಸು ಓಡಿಸುವ ಅಪ್ಪನಿಗೆ ಬೇಕಿದ್ದದ್ದು ಇನ್ನೂ ಚಿಕ್ಕದು. ಸ್ನಾನದ ಮನೆಯ ನಲ್ಲಿ ರಿಪೇರಿಗೂ ಟ್ರಸ್ಟಿನ ಒಪ್ಪಿಗೆ ಬೇಕು ಎಂಬ ಕಾಟ ತಪ್ಪಿದರೆ ಸಾಕಿತ್ತು. ಅತ್ತೆಗೆ ಬರಬೇಕಾದದ್ದು ಕೆಳಗಿನ ಅಂತಸ್ತು. ಯಂತ್ರಗಳನ್ನು ತೆಗೆಸಿಕೊಟ್ಟರೆ ಅದನ್ನು ಬಾಡಿಗೆಗೆ ಹಿಡಿಯಲು ಔಷಧಿ ಅಂಗಡಿಯವನೊಬ್ಬ ಸಿದ್ಧನಿದ್ದ.

ಶಾಲೆಯಲ್ಲಿ ಪಾಠ ಹೇಳುವ ಅಮ್ಮ ಮನೆಯಲ್ಲೂ ಅದೇ ದನಿಯಲ್ಲಿ ಕೇಳಿದಳು. "ಕಾಲೇಜಿಗೆ ಕಳಿಸಿದ್ದು ಕಂಡವರ ಬನಿಯನ್ ಒಗೆಯೋಕಾ?"

"ಕಂಡವರ ಬನಿಯನ್ ಒಗೆದೇ ಈ ಮೇಜು ಬಂದಿದ್ದು ಕಣೆ," ಎಂದಳು ಅಜ್ಜಿ ಸೊಸೆಗೆ. "ಅದರ ಮೇಲೆ ಕೈ ಊರಿ ಬೈಬೇಡ."

"ಹಾಗಾದ್ರೆ ನೀವ್ಯಾಕೆ ಸಹಿ ಹಾಕಿದ್ರಿ ಅತ್ತೆ?" ಎಂದಳು ಅಮ್ಮ ಅಜ್ಜಿಗೆ.

"ಎಲ್ಲರೂ ಹಾಕ್ತಿದ್ರು. ಪೆನ್ನು ಚೆನ್ನಾಗಿತ್ತು."

ಅಣ್ಣ ತಂಗಿಯನ್ನು ಯಜಮಾನ್ತಿ ಎಂದು ಕರೆದ. ಯಜಮಾನ್ತಿಯವರು ಉಪ್ಪು ದಾಟಿಸುತ್ತೀರಾ ಎಂದ. ನಿನ್ನ ಅಂಗಡಿಗೆ ದೊಡ್ಡ ಕನ್ನಡಿ ತರಿಸು, ದಿನವಿಡೀ ನಿನ್ನ ಮುಖವನ್ನೇ ನೋಡಿಕೊಂಡಿರಬಹುದು ಎಂದು ಮರಿ ಉಪ್ಪು ದಾಟಿಸಿದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥದ್ದೇನಾದರೂ ಇದೆಯಾ ನೋಡೋಣ ಎಂದ ಅಪ್ಪ. ನೋಡಿ ಮತ್ತೆ ಎಂದಳು ಅಮ್ಮ. ಅಪ್ಪ ಆಲೂಗಡ್ಡೆ ಸುಲಿಯತೊಡಗಿದ. ಅತ್ತೆ ಉಂಡು, ತಟ್ಟೆ ತೊಳೆದಿಟ್ಟು ಹೋದಳು.

ಬೆಳಿಗ್ಗೆ ಮರಿ ಕೆಳಗಿಳಿದಾಗ ಲಾಂಡ್ರಿಯ ಬಾಗಿಲಲ್ಲಿ ಒಂದು ಕುರ್ಚಿ ಇತ್ತು. ಕುರ್ಚಿಯ ಮೇಲೆ ಅತ್ತೆ ಇದ್ದಳು. ಅವಳ ಏಪ್ರನ್ ಗೂಟಕ್ಕೆ ತೂಗುಹಾಕಿತ್ತು.

"ನಡೆಸಬೇಕು ಅಂತ ತಾತ ಬರೆದಿದ್ದಾನೆ. ನಿಂತ್ಕೊಂಡೇ ನಡೆಸಬೇಕು ಅಂತ ಬರೆದಿಲ್ಲ," ಎಂದಳು ಅತ್ತೆ. "ಬೇಡ ಅಂದವಳು ನೀನು. ಬಾಯ್ಲರ್ ಹಚ್ಚು."

ಅಲ್ಲಿಯವರೆಗೆ ಮರಿ ಕಾಲೇಜು ಮುಗಿಸಿ ಬಂದು ಮಡಿಸುವ ಕೆಲಸವನ್ನಷ್ಟೇ ಮಾಡುತ್ತಿದ್ದವಳು. ಇಡೀ ದಿನ ಎಂದರೇನೆಂದು ಆ ವಾರ ಗೊತ್ತಾಯಿತು. ಬಾಯ್ಲರ್ ಬಿಸಿಯಾಗುವಷ್ಟರಲ್ಲಿ ಬಂದ ಬಟ್ಟೆ ವಿಂಗಡಿಸಬೇಕು. ಬಿಳಿ, ಬಣ್ಣ, ಬಣ್ಣ ಬಿಡುವಂಥದ್ದು. ಕಾಲರಿಗೂ ಕಫಿಗೂ ಮೊದಲೇ ಸೋಪು ತಿಕ್ಕಬೇಕು. ಹೋಟೆಲಿನ ಮೇಜಿನ ಬಟ್ಟೆಗೆ ಗಂಜಿ ದಪ್ಪಗಿರಬೇಕು, ಕ್ಲಿನಿಕ್ಕಿನ ಹಾಸಿಗೆ ಬಟ್ಟೆಗೆ ಇರಲೇಬಾರದು. ಹಬೆಯ ಇಸ್ತ್ರಿಯ ಅಗಲವಾದ ಮುಚ್ಚಳ ಎಳೆದಿಳಿಸಲು ತೋಳಿಗಿಂತ ಬೆನ್ನು ಬೇಕು. ಅತ್ತೆ ಕುರ್ಚಿಯಿಂದಲೇ ಹೇಳುತ್ತಿದ್ದಳು. ತೋಳು ಮೊದಲು. ಕಾಲರು ಕೊನೆಗೆ. ಗುಂಡಿಯ ಮೇಲೆ ಒತ್ತಬೇಡ. ಅದು ಶರ್ಟು, ಶತ್ರು ಅಲ್ಲ.

ದಾರಿಯಲ್ಲಿ ಹೋಗುವವರು ಅತ್ತೆಯನ್ನು ಕಂಡು ಆರೋಗ್ಯ ಸರಿಯಿಲ್ಲವಾ ಎಂದು ವಿಚಾರಿಸಿದರು. ಅಜ್ಜಿ ಮಹಡಿಯ ಕಿಟಕಿಯಿಂದ, ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ತಿನ್ನೋಕೆ ಏನಾದರೂ ಇಳಿಸಿಕೊಡು ಮೊದಲು ಎಂದಳು ಅತ್ತೆ. ಅಜ್ಜಿ ಬ್ರೆಡ್ಡನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸಿದಳು.

ಎರಡನೆಯ ವಾರಕ್ಕೆ ಮರಿಯ ಬೆರಳ ತುದಿ ಒಣದ್ರಾಕ್ಷಿಯಂತಾಯಿತು. ಕಾಲೇಜು ವಾರಕ್ಕೆರಡು ದಿನಕ್ಕೆ ಇಳಿಯಿತು. ಅಮ್ಮ ಮಾತು ಬಿಟ್ಟಳು. ಆದರೆ ಮಗಳ ತಟ್ಟೆಯಲ್ಲಿ ಒಂದು ಮೊಟ್ಟೆ ಹೆಚ್ಚಿಗೆ ಇರುತ್ತಿತ್ತು. ಅಪ್ಪ ಬಸ್ಸು ಬಿಟ್ಟು ಬಂದ ಮೇಲೆ ಸಿದ್ಧವಾದ ಗಂಟುಗಳನ್ನು ಕಪಾಟಿಗೆ ಸೇರಿಸಿ, ಮನೆಯ ಬಟ್ಟೆಯನ್ನು ಮಹಡಿಗೆ ಒಯ್ಯುವ ತನ್ನ ಹಳೆಯ ಕೆಲಸವನ್ನು ಮುಂದುವರಿಸಿದ. ಮೂರನೆಯ ವಾರದಲ್ಲಿ ಮರಿ ಅಕ್ಕಪಕ್ಕದ ಬೀದಿಗಳಿಗೆ ತಾನೇ ಹೋಗಿ ಹೊಸ ಗಿರಾಕಿಗಳನ್ನು ಹಿಡಿದಳು. ಬ್ಯಾಂಕಿನ ಮ್ಯಾನೇಜರ್, ಸಂಗೀತದ ಮೇಷ್ಟ್ರು, ಅಮ್ಮನ ಶಾಲೆಯ ಹೆಡ್‌ಮಿಸ್ಸು, ಅಣ್ಣನ ಸೆಲೂನಿನ ಯಜಮಾನ. ಅತ್ತೆ ಹುಬ್ಬೇರಿಸಿದಳು.

ತಪ್ಪಾಗಿದ್ದು ಅಲ್ಲೇ.

ಲಾಂಡ್ರಿಗೆ ಬರುವ ಪ್ರತಿ ಬಟ್ಟೆಗೂ ಒಳಬದಿಯಲ್ಲಿ ದಾರದ ಗುರುತು ಹೊಲಿಯುವುದು ತಾತನ ಕಾಲದ ಪದ್ಧತಿ. ಕ್ಲಿನಿಕ್ಕಿಗೆ ಹಸಿರು ದಾರ, ಹೋಟೆಲಿಗೆ ಕೆಂಪು, ವಕೀಲರಿಗೆ ಕಪ್ಪಿನ ಮೇಲೂ ಕಾಣುವ ಹಳದಿ. ಮನೆಯವರ ಬಟ್ಟೆಗೆ ಮಾತ್ರ ಗುರುತಿಲ್ಲ. ಗುರುತಿಲ್ಲದ್ದು ನಮ್ಮದು. ಈ ಮನೆಯ ಮಕ್ಕಳು ಮಾತು ಕಲಿಯುವಾಗಲೇ ಇದನ್ನೂ ಕಲಿಯುತ್ತಿದ್ದರು. ಹಳೆಯ ಗಿರಾಕಿಗಳ ಬಟ್ಟೆಗೆಲ್ಲ ಗುರುತು ಇತ್ತು. ಹೊಸಬರದ್ದಕ್ಕೆ ಹೊಲಿಯುತ್ತ ಕೂತರೆ ಬೆಳಗೆಲ್ಲ ಹೋಗುತ್ತದೆಂದು ಮರಿ ಸದ್ಯಕ್ಕೆ ಚೀಟಿ ಬರೆದು ಪಿನ್ನು ಚುಚ್ಚಿದಳು, ಒಗೆದ ಮೇಲೆ ಹೊಲಿದರಾಯಿತು ಎಂದುಕೊಂಡಳು. ಚೀಟಿಗಳು ನೀರಲ್ಲಿ ಕರಗಿದವು. ಸಂಜೆ ಅಪ್ಪ ಬಂದ. ರಾಶಿಯಲ್ಲಿದ್ದ ಬಟ್ಟೆಗಳ ಒಳಬದಿ ತಿರುಗಿಸಿ ನೋಡಿದ. ಗುರುತಿರಲಿಲ್ಲ. ಎಲ್ಲವನ್ನೂ ನೀಟಾಗಿ ಜೋಡಿಸಿ ಮಹಡಿಗೆ ಒಯ್ದು, ಯಾರದೆನಿಸಿತೋ ಅವರ ಹಾಸಿಗೆಯ ಮೇಲಿಟ್ಟ. ಅಪ್ಪ ಎಲ್ಲವನ್ನೂ ಕಪಾಟಿಗೆ ಸೇರಿಸಿದ್ದಾನೆ ಎಂದುಕೊಂಡು ಮರಿ ಹುಡುಕಲಿಲ್ಲ.

ಎರಡು ದಿನ ಮನೆಯಲ್ಲಿ ವಿಚಿತ್ರವಾದ ಶಾಂತಿ. ಅಮ್ಮನಿಗೆ ಹಾಸಿಗೆಯ ಮೇಲೆ ಮೆತ್ತನೆಯ ಬೂದು ಶಾಲೊಂದು ಸಿಕ್ಕಿತ್ತು. ಗಂಡ ತಂದಿಟ್ಟು, ಹೇಳಲು ನಾಚಿಕೊಂಡಿದ್ದಾನೆ ಎಂದುಕೊಂಡು ಅವನ ಡಬ್ಬಿಗೆ ಮೊಟ್ಟೆ ಎರಡು ಹಾಕಿದಳು. ಅಪ್ಪನಿಗೆ ನೀಲಿ ಗೆರೆಯ ಶರ್ಟು ಸಿಕ್ಕಿತ್ತು. ಇಷ್ಟು ಒಳ್ಳೆಯ ಬಟ್ಟೆಯನ್ನು ಹೆಂಡತಿಯಲ್ಲದೆ ಯಾರು ತರುತ್ತಾರೆ ಎಂದುಕೊಂಡು, ಹೇಳದೆ ಕೇಳದೆ ಪಾತ್ರೆ ತೊಳೆದ. ಅಣ್ಣ ತನಗೆ ಸಿಕ್ಕ ಬಿಳಿ ಶರ್ಟನ್ನು ತಂಗಿ ರಾಜಿಯಾಗಲು ಕೊಟ್ಟ ಲಂಚವೆಂದು ತಿಳಿದು ಯಜಮಾನ್ತಿ ಎನ್ನುವುದನ್ನು ನಿಲ್ಲಿಸಿದ. ಅದನ್ನೇ ತೊಟ್ಟು ಕೆಲಸಕ್ಕೆ ಹೋದ.

ಆ ಸಂಜೆ ಸೆಲೂನಿನ ಯಜಮಾನ ಲಾಂಡ್ರಿಗೆ ಬಂದ. ಅವನ ಹಿಂದೆ ಅಣ್ಣ, ಎದೆಯ ಮೇಲೆ ಕೈ ಕಟ್ಟಿಕೊಂಡು.

"ತಂಗೀ, ನನ್ನ ಶರ್ಟು ಬೆಳಿಗ್ಗೆಯಿಂದ ನನ್ನ ಅಂಗಡೀಲೇ ಕೆಲಸ ಮಾಡ್ತು," ಎಂದ ಯಜಮಾನ. "ಚೆನ್ನಾಗೇ ಮಾಡ್ತು. ಸಂಬಳ ನನಗೋ, ಇವನಿಗೋ?"

ಮರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೆಟ್ಟಿಲು ಹತ್ತಿ ಓಡಿದಳು. ಅಪ್ಪ ಮ್ಯಾನೇಜರರ ಶರ್ಟಿನಲ್ಲಿ ಪೇಪರು ಓದುತ್ತಿದ್ದ. ಅಜ್ಜಿ ಸಂಗೀತದ ಮೇಷ್ಟ್ರ ಕಸೂತಿಯ ಹೊದಿಕೆ ಹೊದ್ದು ಮಲಗಿದ್ದಳು. ಹೆಡ್‌ಮಿಸ್ಸಿನ ಶಾಲನ್ನು ಅಮ್ಮ ಹೆಡ್‌ಮಿಸ್ಸಿನ ಎದುರಿಗೇ ಎರಡು ದಿನ ಹೊದ್ದಿದ್ದಳು. ಪಾಪ, ಅವರು ಬಣ್ಣ ಒಪ್ಪುತ್ತದೆ ಎಂದಷ್ಟೇ ಹೇಳಿದ್ದರಂತೆ.

"ಹಾಗಾದ್ರೆ ಇದು ನೀವು ತಂದಿದ್ದಲ್ವಾ?" ಎಂದಳು ಅಮ್ಮ.

"ಇದು ನೀನು ತಂದಿದ್ದಲ್ವಾ?" ಎಂದ ಅಪ್ಪ.

ಕೆಳಗೆ ಅತ್ತೆ ನಕ್ಕಳು. ಕುರ್ಚಿಯ ಕೈ ಹಿಡಿದುಕೊಂಡು, ಗೂಟದಲ್ಲಿದ್ದ ಏಪ್ರನ್ ಎಳೆದು ಕಣ್ಣೊರೆಸಿಕೊಂಡು, ಸೆಲೂನಿನ ಯಜಮಾನನೂ ನಗುವವರೆಗೆ ನಕ್ಕಳು. ಆಮೇಲೆ ಎದ್ದು ಆ ಏಪ್ರನ್ನನ್ನೇ ಕಟ್ಟಿಕೊಂಡಳು. ತೊಟ್ಟದ್ದು ಹೊದ್ದದ್ದು ಎಲ್ಲ ಮತ್ತೆ ಒಗೆದು, ಇಸ್ತ್ರಿ ಮಾಡಿ, ಕ್ಷಮೆ ಕೇಳಿ ತಲುಪಿಸಬೇಕಿತ್ತು. ಇಬ್ಬರೂ ಸೇರಿ ಮುಗಿಸಿದರು. ಹೆಡ್‌ಮಿಸ್ಸಿನ ಮನೆಗೆ ಶಾಲು ತಾನೇ ಕೊಡುವುದಾಗಿ ಹೋದ ಅಮ್ಮ ಹಿಂದಿರುಗಿ ಬಂದು ಮಗಳೊಡನೆ ಮಾತಾಡಿದಳು. ಬೈಯುವುದಕ್ಕಾದರೂ ಮಾತಾಡಲೇಬೇಕಿತ್ತು.

ಮರುದಿನ ಅತ್ತೆ ಕುರ್ಚಿಗೆ ಹೋಗಲಿಲ್ಲ. ಅದರ ಮರುದಿನವೂ. ಹುಡುಗಿಯ ಮೇಲೆ ಬಿಟ್ಟರೆ ಊರಿನವರೆಲ್ಲ ಒಬ್ಬರ ಚಡ್ಡಿ ಒಬ್ಬರು ಹಾಕಿಕೊಂಡು ತಿರುಗುತ್ತಾರೆ ಎಂದಳು. ವಾರ ಕಳೆಯುವಷ್ಟರಲ್ಲಿ ಅವಳು ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದುದನ್ನು ಮರಿ ಕಂಡಳು. ಬೆರಳು ಮಡಿಯುತ್ತಿರಲಿಲ್ಲ. ಮೆಟ್ಟಿಲಲ್ಲಿ ಒಂದೊಂದಕ್ಕೂ ಎರಡೂ ಪಾದ ಇಡುತ್ತಿದ್ದಳು. ಹಬೆಗೆ ಕೆಮ್ಮು ಬಂದಾಗ ಹಿತ್ತಲಿಗೆ ಹೋಗಿ ಮುಗಿಸಿಕೊಂಡು ಬರುತ್ತಿದ್ದಳು.

ಹಿತ್ತಲಲ್ಲಿ ಹಾಸಿಗೆ ಬಟ್ಟೆ ಹರವುವಾಗ ಮರಿ ಹೇಳಿದಳು. "ಹೋಗಿ ಕೂತ್ಕೊ ಅತ್ತೆ."

"ಕೂತು ನೋಡಿದೆನಲ್ಲ. ಬಾಯ್ಲರ್ ಸದ್ದು ಕೇಳ್ತಿದ್ರೆ ಕೂರೋಕಾಗಲ್ಲ."

"ಹಾಗಾದ್ರೆ ಬಿಟ್ಟೇ ಹೋಗು. ನಾನು ನಡೆಸ್ತೀನಿ."

"ಬರೆದಿರೋದು ನನ್ನ ಹೆಸರು. ಟ್ರಸ್ಟು ಇರೋವರೆಗೂ ಬಾಯ್ಲರ್ ಸಿಡಿದ್ರೂ ನನ್ನನ್ನೇ ಕೇಳೋದು, ಗುಂಡಿ ಕಿತ್ರೂ ನನ್ನನ್ನೇ ಕೇಳೋದು. ನಿನಗೆ ಇಪ್ಪತ್ತೈದಾಗೋವಾಗ ನನಗೆ ಅರವತ್ತು ದಾಟಿರುತ್ತೆ ಮರಿ."

ಹಾಸಿಗೆ ಬಟ್ಟೆಯ ಆ ತುದಿ ಅತ್ತೆಯ ಕೈಲಿತ್ತು, ಈ ತುದಿ ಮರಿಯ ಕೈಲಿ. ಇಬ್ಬರೂ ಎಳೆದು ಝಾಡಿಸಿದರು.

"ನಿನಗೆ ಇದು ಯಾವತ್ತೂ ಇಷ್ಟ ಇರಲಿಲ್ವಾ?"

"ಯಾರೂ ಕೇಳಲಿಲ್ಲ. ನನಗೂ ಕೇಳ್ಕೊಳ್ಳೋಕೆ ಪುರುಸೊತ್ತಾಗಲಿಲ್ಲ. ನಮ್ಮಪ್ಪ ನಿಲ್ಲು ಅಂದ, ನಿಂತೆ. ನೀನು ನಿನ್ನಷ್ಟಕ್ಕೆ ನೀನೇ ಬಂದು ನಿಂತಿದ್ದೀಯ. ಅದು ಬೇರೆ."

"ಬಿಟ್ಟು ಏನು ಮಾಡ್ತೀಯ?"

"ಬೆಳಿಗ್ಗೆ ಹಾಸಿಗೆ ಮೇಲೆ ಕೂತು, ಇವತ್ತೇನು ಮಾಡ್ಲಿ ಅಂತ ಯೋಚಿಸ್ತೀನಿ. ಅಷ್ಟಕ್ಕೇ ಮಧ್ಯಾಹ್ನ ಆಗಬೇಕು."

ಮರಿ ತಂತಿಗೆ ಕ್ಲಿಪ್ಪು ಹಾಕಿದಳು. ಆಮೇಲೆ ಕೇಳಿದಳು. "ನಾನು ಸಹಿ ಹಾಕಿದ್ರೆ ಕೆಳಗಿಂದು ನಿನ್ನದಾಗುತ್ತಲ್ಲ. ಅದನ್ನ ಔಷಧಿ ಅಂಗಡಿಯವನ ಬದಲು ನನಗೆ ಬಾಡಿಗೆಗೆ ಕೊಡ್ತೀಯಾ?"

"ಈಗ ಕೇಳಬೇಡ," ಎಂದಳು ಅತ್ತೆ. "ಈಗ ಹೂಂ ಅಂದ್ರೆ ನೀನು ಸಹಿ ಮಾರಿದ ಹಾಗಾಗುತ್ತೆ, ನಾನು ಕೊಂಡ ಹಾಗಾಗುತ್ತೆ. ಒಂದೇ ಮನೇಲಿ ಅದು ಬೇಡ. ಸಹಿ ಹಾಕೋದಾದ್ರೆ ಹಾಕು. ಇಲ್ಲ ಅಂದ್ರೆ ಬೇಡ. ಆಮೇಲಿಂದು ಆಮೇಲೆ."

ಮರಿ ಇದನ್ನು ಅಣ್ಣನಿಗೆ ಹೇಳಿದಳು. ಮೊದಲು ಬರೆಸಿಕೊ, ಆಮೇಲೆ ಸಹಿ ಹಾಕು ಎಂದ ಅಣ್ಣ. ಅಂಗಡಿ ಬೇಕಾಗಿದ್ದದ್ದು ಅವನಿಗೇ ಆದ್ದರಿಂದ, ಈ ಮಾತು ಹೇಳಿದ್ದಕ್ಕೆ ಅವಳು ಅವನ ಹಳೆಯ ಯಜಮಾನ್ತಿಗಳನ್ನೆಲ್ಲ ಮನ್ನಿಸಿದಳು. ಅಮ್ಮ ಕೂಡ ಬರೆಸಿಕೊ ಎಂದಳು. ಬರೆಸಿಕೊಳ್ಳುವುದಾದರೆ ಸಂಜೆ ಕಾಲೇಜಿಗೆ ಸೇರಿ ಪರೀಕ್ಷೆ ಮುಗಿಸುತ್ತೇನೆ ಎಂದು ತನಗೂ ಒಂದು ಬರೆದುಕೊಡು ಎಂದಳು. ಅಷ್ಟರಲ್ಲಿ ಔಷಧಿ ಅಂಗಡಿಯವನು ಎರಡು ಸಲ ಬಂದು ಬಾಗಿಲಿನ ಅಗಲ ಅಳೆದು ಹೋಗಿದ್ದ. ಮರಿ ಅವನಿಗೆ ಟೇಪಿನ ಆ ತುದಿ ಹಿಡಿದುಕೊಟ್ಟಿದ್ದಳು.

ಭಾನುವಾರ ವಕೀಲರು ಮತ್ತೆ ಬಂದರು. ಅದೇ ಮೇಜು, ಅದೇ ಕಾಗದ. ಮರಿ ಯಾರ ಮುಖವನ್ನೂ ನೋಡದೆ ಸಹಿ ಹಾಕಿ ಪೆನ್ನು ಹಿಂದಿರುಗಿಸಿದಳು. ಬೇರೆ ಏನಾದರೂ ಷರತ್ತು ಇದೆಯೇನಮ್ಮ ಎಂದು ವಕೀಲರು ಕೇಳಿದರು. ಇಲ್ಲ ಎಂದಳು. ಅವರು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಉಳಿದರು.

ಅಪ್ಪ ಹೊಸ ನಲ್ಲಿಯ ವಿಷಯ ಎತ್ತಿದ, ಯಾರೂ ಕೈಗೆತ್ತಿಕೊಳ್ಳಲಿಲ್ಲ. ಮರಿ ಅನ್ನದಲ್ಲಿ ಬೆರಳಾಡಿಸುತ್ತಿದ್ದಳು. ಅತ್ತೆ ನಿಧಾನವಾಗಿ ತಟ್ಟೆ ಖಾಲಿ ಮಾಡಿದಳು. ಕೈ ತೊಳೆದು ಬಂದು ಕೂತಳು.

"ಔಷಧಿ ಅಂಗಡಿಯವನು ಕೊಡ್ತೀನಿ ಅಂದಿರೋದರಲ್ಲಿ ಅರ್ಧ ಕೊಡ್ತೀಯಾ?"

ಮರಿ ತಲೆಯೆತ್ತಿದಳು. "ಅರ್ಧ ಆಗಲ್ಲ. ಮೂರರಲ್ಲಿ ಒಂದು."

"ಅಷ್ಟಕ್ಕೆ ಯಾರೂ ಹೊಸಿಲೂ ತುಳಿಸಲ್ಲ."

"ಅವನಿಗೆ ಬಾಯ್ಲರ್ ಬೇಡ. ಕಿತ್ತು ಸಾಗಿಸೋ ಖರ್ಚು ನಿನ್ನದು. ಗೋಡೆಗೆ ಸುಣ್ಣ, ಅದೂ ನಿನ್ನದು. ನನಗೆ ಗೋಡೆ ಹೀಗೇ ಸಾಕು."

"ಗೋಡೆ ಹೀಗೇ ಸಾಕಂತೆ," ಎಂದಳು ಅತ್ತೆ ವಕೀಲರ ಕಡೆ ತಿರುಗಿ. "ಮೊದಲನೇ ವರ್ಷ ಮೂರರಲ್ಲಿ ಒಂದು. ಆಮೇಲೆ ಅರ್ಧ. ತಿಂಗಳು ತಪ್ಪಿದ್ರೆ ಅತ್ತೆ ಅಂತ ಬರಬೇಡ."

"ಬರಲ್ಲ."

"ಅಬ್ಬ," ಎಂದಳು ಅಜ್ಜಿ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ಸೋದರಸೊಸೆಗೂ ಬಂತು." ಅಮ್ಮ ಎದ್ದು ಎಲ್ಲರಿಗೂ ಎರಡನೆಯ ಸಲ ಬಡಿಸಿದಳು. ಬೇಡ ಎನ್ನುತ್ತಿದ್ದ ವಕೀಲರಿಗೂ.

ಪತ್ರ ನೋಂದಣಿಯಾಗಲು ತಿಂಗಳು ಹಿಡಿಯಿತು. ಅಪ್ಪ ಯಾರ ಒಪ್ಪಿಗೆಯೂ ಇಲ್ಲದೆ ನಲ್ಲಿ ಬದಲಿಸಿದ. ಹಳೆಯದಕ್ಕಿಂತ ಜೋರಾಗಿ ಸೋರಿತು, ಆದರೆ ಸೋರಿದ್ದು ಅವನದೇ ನಲ್ಲಿಯಾಗಿತ್ತು. ಎರಡು ಬೀದಿಯಾಚೆ ಅಣ್ಣನ ಅಂಗಡಿ ತೆರೆಯಿತು. ಅವನ ಟವೆಲ್ಲುಗಳು ತಂಗಿಯ ಲಾಂಡ್ರಿಗೇ ಬಂದವು. ಅಣ್ಣ ಎಂದು ರಿಯಾಯಿತಿ ಇಲ್ಲವಾ ಎಂದಾಗ, ಅಣ್ಣ ಎಂದು ಹೆಚ್ಚಿಗೆ ಹಾಕಿಲ್ಲ ನೋಡು ಎಂದಳು. ಮರಿ ವಾರದಲ್ಲಿ ಮೂರು ಸಂಜೆ ತರಗತಿಗೆ ಹೋದಳು. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತು ಒಂದೆರಡು ಸಲ ನಿದ್ದೆ ಮಾಡಿದ್ದು ಅಮ್ಮನವರೆಗೆ ಬರಲಿಲ್ಲ.

ಅತ್ತೆ ಮೊದಲ ಕೆಲವು ದಿನ ಬಾಯ್ಲರ್ ಹಚ್ಚುವ ಹೊತ್ತಿಗೇ ಎಚ್ಚರವಾಗಿ, ಬೈದುಕೊಂಡು, ಮಗ್ಗುಲು ಬದಲಿಸಿದಳು. ಆಮೇಲೆ ಎಚ್ಚರವಾಗುವುದು ನಿಂತಿತು. ಕೆಳಗೆ ಬರುವುದನ್ನೂ ಬಿಟ್ಟಳು. ಒಂದು ಬೆಳಿಗ್ಗೆ, ಬಿಸಿಲು ಅಂಗಡಿಯ ಒಳಗೆ ಅರ್ಧ ಬಂದಿದ್ದಾಗ, ತಲೆ ಬಾಚಿಕೊಂಡು, ಕೈಯಲ್ಲಿ ಮಡಿಸಿದ ಒಂದು ಬಟ್ಟೆ ಹಿಡಿದು ಇಳಿದಳು. ಕೌಂಟರಿನ ಮುಂದೆ ಹೋಟೆಲಿನವನೂ ಕ್ಲಿನಿಕ್ಕಿನ ನರ್ಸೂ ನಿಂತಿದ್ದರು. ಅತ್ತೆ ನೇರವಾಗಿ ಒಳಗೆ ನುಗ್ಗಲು ಹೋಗಿ, ಏನೋ ಯೋಚಿಸಿ, ನರ್ಸಿನ ಹಿಂದೆ ನಿಂತಳು.

ಅವಳ ಸರದಿ ಬಂತು. ಇದು ನನ್ನ ಹೊಸ ಕೋಟು, ಮೊದಲ ಸಲ ಇಸ್ತ್ರಿ, ಇವತ್ತು ಸಂಜೆಗೇ ಬೇಕು ಎಂದಳು.

ಮರಿ ಕೋಟು ಬಿಡಿಸಿ ನೋಡಿದಳು. "ಗುರುವಾರ."

"ಗುರುವಾರಾನಾ? ಒಂದು ಕೋಟಿಗೆ?"

"ನಿಮಗಿಂತ ಮೊದಲು ಕೊಟ್ಟವರು ಇಷ್ಟು ಜನ ಇದ್ದಾರಲ್ಲ ಅಮ್ಮ. ಬೇಕಾದ್ರೆ ಬೇರೆ ಕಡೆ ಕೊಟ್ಟು ನೋಡಿ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ತೋಳು ಮೊದಲು, ಕಾಲರು..." ಎಂದು ಶುರುಮಾಡಿ ಅದನ್ನೂ ನುಂಗಿಕೊಂಡು, ಸರಿ, ಗುರುವಾರ ಎಂದಳು. ಖಾಲಿ ಕೈಯಲ್ಲಿ ಹೊರಗೆ ಹೋದಳು.

ಬೀದಿಯಲ್ಲಿ ಅವಳು ಸ್ವಲ್ಪ ಹೊತ್ತು ನಿಂತಿದ್ದು ಒಳಗಿನಿಂದ ಕಂಡಿತು. ಬಲಕ್ಕೆ ಹೋದರೆ ಹೋಟೆಲು, ಕ್ಲಿನಿಕ್ಕು, ಬಟ್ಟೆ ಕೊಡುವ ತರುವ ಮನೆಗಳು. ಎಡಕ್ಕೆ ಏನಿದೆ ಎಂದು ಅವಳು ಯಾವತ್ತೂ ಹೋಗಿ ನೋಡಿರಲಿಲ್ಲ. ಅವಳು ಎಡಕ್ಕೆ ತಿರುಗಿದಳು. ಮರಿ ಕೋಟನ್ನು ಉಳಿದ ಬಟ್ಟೆಗಳ ಕೆಳಗೆ, ಅದರ ಸರದಿಯಲ್ಲಿ ಇಟ್ಟು, ಮುಂದಿನವರು ಬನ್ನಿ ಎಂದಳು.